ರಾಜಾ ರಾಮಣ್ಣ: ಬೀಜಕೇಂದ್ರದೊಳಗಿನ ವಿಸರಣೆ

ರಾಜಾ ರಾಮಣ್ಣ ಅವರು 1925ರ ಜನವರಿ 28ರಂದು ತಿಪಟೂರಿನಲ್ಲಿ ಜನಿಸಿದರು. ಶಾಲೆ ಬೆಂಗಳೂರಿನಲ್ಲಿ, ಪದವಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ, ಪಿಎಚ್.ಡಿ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ. 1949ರಲ್ಲಿ ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು.

ಅವರನ್ನು ಸೆಳೆದ ವಿಷಯ ವಿದಳನ. ಯುರೇನಿಯಂ-235 ನಿಧಾನಗತಿಯ ನ್ಯೂಟ್ರಾನ್ ಹೀರಿ ಒಡೆದಾಗ ಚೂರುಗಳು ಸಾಮಾನ್ಯವಾಗಿ ಸಮನಾಗಿರುವುದಿಲ್ಲ. ಒಂದರ ರಾಶಿಸಂಖ್ಯೆ 95ರ ಆಸುಪಾಸು, ಇನ್ನೊಂದರದು 140ರ ಆಸುಪಾಸು. ಏಕೆ ಹೀಗೆ? 1960ರ ದಶಕದಲ್ಲಿ ರಾಮಣ್ಣ ಮತ್ತು ಸಂಗಡಿಗರು ಒಂದು ವಿವರಣೆ ಕೊಟ್ಟರು. ಬೇರ್ಪಡುವ ಮುನ್ನ ಎರಡು ಭಾಗಗಳ ನಡುವೆ ಪ್ರೋಟಾನ್, ನ್ಯೂಟ್ರಾನ್‌ಗಳು ಯಾದೃಚ್ಛಿಕವಾಗಿ ಅತ್ತಿಂದಿತ್ತ ಸಾಗುತ್ತವೆ. ಚೂರುಗಳ ಗಾತ್ರವನ್ನು ಈ ವಿನಿಮಯವೇ ರೂಪಿಸುತ್ತದೆ.

ಆಲ್ದೂರಿನ ತರಗತಿಯಲ್ಲಿ ಇದಕ್ಕೆ ಒಂದು ಲೋಟ ನೀರು, ಒಂದು ಹನಿ ಕಾಫಿ ಡಿಕಾಕ್ಷನ್ ಸಾಕು. ಯಾವ ಕಣಕ್ಕೂ ಗುರಿಯಿಲ್ಲ, ಆದರೂ ಬಣ್ಣ ಹರಡುತ್ತದೆ. ಇದೇ ವಿಸರಣೆ.

ಅತಿಭಾರ ಧಾತುಗಳ ಸೃಷ್ಟಿ ವಿದಳನದ ತಿರುವುಮುರುವು. 20 ಪ್ರೋಟಾನ್‌ಗಳ ಕ್ಯಾಲ್ಸಿಯಂ 98 ಪ್ರೋಟಾನ್‌ಗಳ ಕ್ಯಾಲಿಫೋರ್ನಿಯಂಗೆ ಡಿಕ್ಕಿ ಹೊಡೆದು ಬೆಸೆದರೆ 118ನೆಯ ಧಾತು ಒಗನೆಸನ್. ಕೂಡುವ ಲೆಕ್ಕ ಸುಲಭ, ಬೆಸೆಯುವುದು ಕಷ್ಟ. ತಾಗಿದ ಜೋಡಿ ಒಂದು ಶಕ್ತಿ ತಡೆಯನ್ನು ಓಲಾಡುತ್ತಾ ದಾಟಬೇಕು; ಬಹುಪಾಲು ಜೋಡಿಗಳು ದಾಟದೆ ಮತ್ತೆ ಬೇರ್ಪಡುತ್ತವೆ. ಇಲ್ಲಿ ಓಲಾಟ ಬರೀ ಉಷ್ಣದ್ದಲ್ಲ. ಅಷ್ಟು ಸಣ್ಣ ವ್ಯವಸ್ಥೆಯಲ್ಲಿ ಕ್ವಾಂಟಮ್ ಏರಿಳಿತವೂ ಸೇರಿ ದಾಟುವ ಸಾಧ್ಯತೆಯನ್ನೇ ಬದಲಿಸಬಲ್ಲದು. ಒಗನೆಸನ್ ರಾಮಣ್ಣನವರ ಕೆಲಸವಲ್ಲ. ಆದರೆ ಬೀಜಕೇಂದ್ರವನ್ನು ಯಾದೃಚ್ಛಿಕ ಚಲನೆಯ ಮೂಲಕ ನೋಡುವ ದೃಷ್ಟಿ ಎರಡರಲ್ಲೂ ಒಂದೇ.

ಶಿಕ್ಷಕರಾಗುವ ನಮಗೆ ಅವರ ಬದುಕಿನ ಇನ್ನೊಂದು ಮುಖವೂ ಮುಖ್ಯ. 1957ರಲ್ಲಿ ಟ್ರಾಂಬೆಯಲ್ಲಿ ಶುರುವಾದ ತರಬೇತಿ ಶಾಲೆಯನ್ನು ಕಟ್ಟಿದವರು ಅವರು. ದೇಶದ ಪರಮಾಣು ವಿಜ್ಞಾನಿಗಳ ಹಲವು ತಲೆಮಾರುಗಳು ಅಲ್ಲಿ ತಯಾರಾದವು. 1974ರ ಮೇ 18ರ ಪೋಖ್ರಾನ್ ಸ್ಫೋಟದ ತಂಡವನ್ನು ಮುನ್ನಡೆಸಿದವರೂ ಅವರೇ. ಮುಂದೆ 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಸ್ಥಾಪಕ ನಿರ್ದೇಶಕರಾದರು. ಪಿಯಾನೊ ನುಡಿಸುವುದರಲ್ಲಿ ನಿಪುಣರಾಗಿದ್ದ ಅವರು ಸಂಗೀತದ ಬಗ್ಗೆ ಪುಸ್ತಕವನ್ನೂ ಬರೆದರು. 2004ರ ಸೆಪ್ಟೆಂಬರ್ 24ರಂದು ಮುಂಬೈಯಲ್ಲಿ ತೀರಿಕೊಂಡರು.

ಪಾಠದಲ್ಲಿ ಶಾಲೆಯನ್ನು ಹೇಳಿ ಸ್ಫೋಟವನ್ನು ಬಿಡುವುದು ಸುಲಭ, ಸ್ಫೋಟವನ್ನಷ್ಟೇ ಹೇಳುವುದು ಇನ್ನೂ ಸುಲಭ. ಎರಡನ್ನೂ ಮಕ್ಕಳ ಮುಂದಿಡಬೇಕು. ಕಣಗಳ ಚಲನೆಗೆ ಗುರಿಯಿಲ್ಲ. ಅದನ್ನು ಅರಿತ ಮನುಷ್ಯ ಆ ಅರಿವನ್ನು ಯಾವುದಕ್ಕೆ ಬಳಸಬೇಕೆಂದು ಆಯ್ದುಕೊಳ್ಳಲೇಬೇಕು. ಆ ಚರ್ಚೆಗೆ ತರಗತಿಯಲ್ಲಿ ಹತ್ತು ನಿಮಿಷ ಮೀಸಲಿಟ್ಟರೆ ಪಾಠ ಪೂರ್ಣವಾಗುತ್ತದೆ.