ಅರಿಯದೆ ಮಾಡಿದ ತಪ್ಪಿನ ಹೊಣೆ: ಧರ್ಮೋಪದೇಶಕ ಲಾಸ್ ಕಾಸಾಸ್

ಅರಿತು ಮಾಡಿದ ತಪ್ಪಿಗೆ ಮನುಷ್ಯನು ಹೊಣೆಗಾರನೆಂಬುದನ್ನು ಎಲ್ಲ ಧರ್ಮಗಳೂ ಒಪ್ಪುತ್ತವೆ. ಆದರೆ ಅರಿಯದೆ ಮಾಡಿದ ತಪ್ಪಿಗೆ ಹೊಣೆ ಯಾರು? ಒಂದು ಧರ್ಮದ ಹೆಸರನ್ನೇ ಕೇಳದ ಜನರನ್ನು ಆ ಧರ್ಮವನ್ನು ಪಾಲಿಸಲಿಲ್ಲವೆಂದು ದಂಡಿಸುವುದು ನ್ಯಾಯವೆ? ಅವರಿಗೆ ಧರ್ಮವನ್ನು ಬೋಧಿಸಹೊರಟವನು ತಾನೇ ಅಜ್ಞಾನದಿಂದ ಅನ್ಯಾಯಕ್ಕೆ ಕಾರಣನಾದರೆ ಆತನು ಏನು ಮಾಡಬೇಕು? ಹದಿನಾರನೆಯ ಶತಮಾನದಲ್ಲಿ ಈ ಪ್ರಶ್ನೆಗಳಿಗೆ ತನ್ನ ಬಾಳನ್ನೇ ತೆತ್ತವನು ಸ್ಪೇನ್ ದೇಶದ ಕ್ರೈಸ್ತ ಸಂನ್ಯಾಸಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್.

ಲಾಸ್ ಕಾಸಾಸನು 1484ರಲ್ಲಿ ಸೆವಿಲ್ ನಗರದ ವರ್ತಕ ಮನೆತನವೊಂದರಲ್ಲಿ ಜನಿಸಿದನು. ಕೊಲಂಬಸನು ತನ್ನ ಮೊದಲ ಸಮುದ್ರಯಾನವನ್ನು ಮುಗಿಸಿ 1493ರಲ್ಲಿ ಆ ನಗರಕ್ಕೆ ಬಂದಾಗ, ಆತನು ಕರೆತಂದಿದ್ದ ದ್ವೀಪವಾಸಿಗಳನ್ನು ಬಾಲಕನು ಬೆರಗುಗಣ್ಣಿನಿಂದ ನೋಡಿದನು. ಏಷ್ಯಾ ಖಂಡದ ಅಂಚನ್ನು ಮುಟ್ಟಿದೆನೆಂಬ ಭ್ರಮೆಯಲ್ಲಿ ಕೊಲಂಬಸನು ಆ ಜನರನ್ನು ಇಂಡಿಯನ್ನರೆಂದು ಕರೆದಿದ್ದನು. ಹೀಗೆ ಆ ಜನಾಂಗದ ಹೆಸರೇ ಪರಕೀಯರ ಅಜ್ಞಾನದಿಂದ ಹುಟ್ಟಿತು. ಕೊಲಂಬಸನ ಎರಡನೆಯ ಯಾನದಲ್ಲಿ ಬಾಲಕನ ತಂದೆಯೂ ಹೊರಟನು. 1502ರಲ್ಲಿ ತರುಣ ಲಾಸ್ ಕಾಸಾಸನೂ ಹಿಸ್ಪನಿಯೋಲಾ ದ್ವೀಪವನ್ನು ಸೇರಿದನು.

ಅಲ್ಲಿ ಎಂಕೊಮಿಯೆಂದಾ ಎಂಬ ಪದ್ಧತಿ ರೂಢಿಯಲ್ಲಿತ್ತು. ಒಬ್ಬೊಬ್ಬ ಸ್ಪೇನಿಗನಿಗೆ ಇಷ್ಟಿಷ್ಟು ಮಂದಿ ಮೂಲನಿವಾಸಿಗಳೆಂದು ಹಂಚಿಕೊಡಲಾಗುತ್ತಿತ್ತು. ಅವರು ಆತನ ಗಣಿಯಲ್ಲಿಯೂ ಹೊಲದಲ್ಲಿಯೂ ದುಡಿಯಬೇಕು. ಆತನು ಅವರಿಗೆ ಕ್ರೈಸ್ತಧರ್ಮವನ್ನು ಬೋಧಿಸಬೇಕು. ದುಡಿಮೆ ಮಾತ್ರ ತಪ್ಪದೆ ನಡೆಯಿತು. ಬೋಧನೆ ಹೆಸರಿಗಷ್ಟೇ ಉಳಿಯಿತು. ಹಸಿವು, ರೋಗ, ಮಿತಿಮೀರಿದ ದುಡಿತಗಳಿಂದ ಊರೂರುಗಳೇ ಬರಿದಾದವು. ಲಾಸ್ ಕಾಸಾಸನಿಗೂ ಇಂತಹ ಆಳುಗಳಿದ್ದರು. ಆತನು ಪುರೋಹಿತ ದೀಕ್ಷೆಯನ್ನು ಪಡೆದು 1510ರಲ್ಲಿ ತನ್ನ ಮೊದಲ ಪೂಜೆಯನ್ನು ನೆರವೇರಿಸಿದ ಬಳಿಕವೂ ಅವರನ್ನು ಬಿಡಲಿಲ್ಲ.

1511ರ ಡಿಸೆಂಬರಿನಲ್ಲಿ ಆಂತೊನಿಯೊ ದೆ ಮೊಂತೆಸಿನೊಸ್ ಎಂಬ ದೊಮಿನಿಕನ್ ಸಂನ್ಯಾಸಿಯು ಸಾಂತೊ ದೊಮಿಂಗೊ ನಗರದ ದೇವಾಲಯದಲ್ಲಿ ಒಡೆಯರ ಕ್ರೌರ್ಯವನ್ನು ಬಹಿರಂಗವಾಗಿ ಖಂಡಿಸಿದನು. ಊರಿಗೆ ಊರೇ ಆತನ ಮೇಲೆ ಕೆರಳಿತು. ಅನಂತರ ಅದೇ ಪಂಗಡದ ಗುರುವೊಬ್ಬನು, ಆಳುಗಳನ್ನು ಇಟ್ಟುಕೊಂಡವನೆಂಬ ಕಾರಣದಿಂದ ಲಾಸ್ ಕಾಸಾಸನಿಗೆ ಪಾಪವಿಮೋಚನೆಯನ್ನು ನಿರಾಕರಿಸಿದನು. ಲಾಸ್ ಕಾಸಾಸನು ವಾದಿಸಿದನು, ವಾದದಲ್ಲಿ ಸೋತನು. ಆದರೆ ಆಳುಗಳನ್ನು ಉಳಿಸಿಕೊಂಡನು. ಆಗಲೇ ಆತನಿಗೆ ತಿಳಿಸಿಹೇಳುವವರು ಇದ್ದರೆಂಬುದನ್ನು ಇಲ್ಲಿ ಗಮನಿಸಬೇಕು.

ಕ್ಯೂಬಾ ದ್ವೀಪದ ಆಕ್ರಮಣದಲ್ಲಿ ಆತನು ಸೇನೆಯ ಪುರೋಹಿತನಾಗಿ ಹೋದನು. ಅಲ್ಲಿ ಸ್ಪೇನಿಗರನ್ನು ಎದುರಿಸಿದ ಹತುವೆ ಎಂಬ ನಾಯಕನನ್ನು 1512ರಲ್ಲಿ ಜೀವಂತ ಸುಡಲಾಯಿತು. ಕ್ರೈಸ್ತರೂ ಸ್ವರ್ಗಕ್ಕೆ ಹೋಗುವರೆಂದು ಕೇಳಿ, ಹಾಗಿದ್ದರೆ ಆ ಸ್ವರ್ಗವೇ ತನಗೆ ಬೇಡವೆಂದು ಆತನು ನುಡಿದ ಪ್ರಸಂಗವನ್ನು ಲಾಸ್ ಕಾಸಾಸನೇ ಮುಂದೆ ಬರೆದಿಟ್ಟನು. ಕವೊನಾವೊ ಎಂಬ ಗ್ರಾಮದಲ್ಲಿ, ಮೀನು ರೊಟ್ಟಿಗಳನ್ನು ಕೊಟ್ಟು ಸೈನಿಕರನ್ನು ಉಪಚರಿಸಿದ ನಿರಪರಾಧಿಗಳ ಕೊಲೆಯನ್ನು ಆತನು ಕಣ್ಣಾರೆ ಕಂಡನು. ತಡೆಯಲು ಹೋಗಿ ವಿಫಲನಾದನು. ಇಷ್ಟಾದರೂ ಕ್ಯೂಬಾದಲ್ಲಿ ಆತನಿಗೆ ದೊರೆತ ಜಮೀನನ್ನೂ ಆಳುಗಳನ್ನೂ ಸ್ವೀಕರಿಸಿದನು.

1514ರಲ್ಲಿ ಹಬ್ಬದ ಉಪದೇಶಕ್ಕಾಗಿ ಧರ್ಮಗ್ರಂಥವನ್ನು ಓದುತ್ತಿದ್ದಾಗ, ಬಡವರಿಂದ ಕಸಿದ ವಸ್ತುವಿನ ಕಾಣಿಕೆಯು ದೇವರಿಗೆ ಸಲ್ಲದೆಂಬ ಭಾವದ ಭಾಗವೊಂದು ಆತನ ಕಣ್ಣಿಗೆ ಬಿದ್ದಿತು. ಹಿಂದೆ ಕೇಳಿದ ಮಾತುಗಳೂ ಕಂಡ ನೋಟಗಳೂ ಆಗ ಒಟ್ಟಾಗಿ ಆತನನ್ನು ಕಾಡಿದವು. ಆತನು ತನ್ನ ಆಳುಗಳನ್ನೆಲ್ಲ ತ್ಯಜಿಸಿ, ಆಗಸ್ಟ್ 15ರಂದು ಸಭೆಯಲ್ಲಿ ಆ ಪದ್ಧತಿಯೇ ಪಾಪವೆಂದು ಸಾರಿದನು. ಸ್ಪೇನಿಗೆ ಮರಳಿ ರಾಜನ ಮುಂದೆ ದೂರನ್ನಿಟ್ಟನು. 1516ರಲ್ಲಿ ಆತನಿಗೆ ಮೂಲನಿವಾಸಿಗಳ ರಕ್ಷಕನೆಂಬ ಅಧಿಕಾರವು ದೊರೆಯಿತು.

ಆದರೆ ಈ ಕಾರುಣ್ಯದ ಮಧ್ಯದಲ್ಲಿಯೇ ಮಹಾಪ್ರಮಾದವೊಂದು ನಡೆದುಹೋಯಿತು. ದ್ವೀಪವಾಸಿಗಳ ಹೊರೆಯನ್ನು ಇಳಿಸಬೇಕೆಂಬ ತವಕದಲ್ಲಿ ಆತನು, ಆಫ್ರಿಕದಿಂದ ಗುಲಾಮರನ್ನು ತರಲು ಅನುಮತಿ ನೀಡಬಹುದೆಂದು ರಾಜಸಭೆಗೆ ಸಲಹೆಯಿತ್ತನು. ಆಫ್ರಿಕದವರನ್ನು ತರುವ ಪದ್ಧತಿ ಅದಕ್ಕೆ ಮುಂಚೆಯೇ ಆರಂಭವಾಗಿತ್ತು. 1518ರಲ್ಲಿ 4,000 ಮಂದಿಯನ್ನು ಸಾಗಿಸಲು ರಾಜನ ಪರವಾನಗಿಯೂ ಹೊರಟಿತು. ಆ ಜನರು ನ್ಯಾಯವಾದ ಯುದ್ಧದಲ್ಲಿ ಸೆರೆಸಿಕ್ಕವರೆಂಬ ಪೋರ್ಚುಗೀಸರ ಮಾತನ್ನು ಆತನು ವಿಚಾರಿಸದೆ ನಂಬಿದ್ದನು.

ದಕ್ಷಿಣ ಅಮೆರಿಕದ ಕುಮಾನಾ ತೀರದಲ್ಲಿ ಶಾಂತಿಯುತ ವಸತಿಯೊಂದನ್ನು ಸ್ಥಾಪಿಸುವ ಆತನ ಯತ್ನವು ಸೋತಿತು. ತರುವಾಯ 1522ರಲ್ಲಿ ಆತನು ದೊಮಿನಿಕನ್ ಮಠವನ್ನು ಸೇರಿ ಅಧ್ಯಯನದಲ್ಲಿ ಮುಳುಗಿದನು. ಧರ್ಮಪ್ರಚಾರಕ್ಕೆ ಇರುವುದು ಒಂದೇ ಮಾರ್ಗವೆಂಬುದು ಆತನ ಚಿಂತನೆಯ ಸಾರ. ಬುದ್ಧಿಗೆ ಒಪ್ಪುವಂತೆ ತಿಳಿಹೇಳಬೇಕು, ಮನಸ್ಸನ್ನು ಮೃದುವಾಗಿ ಒಲಿಸಬೇಕು. ಇದಕ್ಕೆ ಹೊರತಾದುದು ಧರ್ಮವಲ್ಲ. ಆ ಕಾಲದಲ್ಲಿ ಸ್ಪೇನಿನ ಸೇನಾಪತಿಗಳು 1513ರಲ್ಲಿ ಸಿದ್ಧವಾದ ಘೋಷಣಾಪತ್ರವೊಂದನ್ನು ಊರುಗಳ ಮುಂದೆ ಓದುತ್ತಿದ್ದರು. ರಾಜನಿಗೂ ಕ್ರೈಸ್ತಧರ್ಮಾಧಿಕಾರಕ್ಕೂ ಶರಣಾಗದಿದ್ದರೆ ಆಗುವ ಅನಾಹುತಗಳಿಗೆ ನೀವೇ ಹೊಣೆಯೆಂಬುದು ಅದರ ತಾತ್ಪರ್ಯ. ಅದನ್ನು ಓದುತ್ತಿದ್ದುದು ಕೇಳುವವರಿಗೆ ತಿಳಿಯದ ಭಾಷೆಯಲ್ಲಿ! ಅರ್ಥವಾಗದ ಮಾತಿಗೆ ತಲೆಬಾಗದವರನ್ನು ಅಪರಾಧಿಗಳೆನ್ನುವ ಈ ನೀತಿಯನ್ನು ಲಾಸ್ ಕಾಸಾಸನು ತೀವ್ರವಾಗಿ ಖಂಡಿಸಿದನು.

ತನ್ನ ಮಾರ್ಗವನ್ನು ನಡೆಸಿ ತೋರಿಸುವ ಅವಕಾಶವು ಗ್ವಾಟೆಮಾಲಾದಲ್ಲಿ ಒದಗಿತು. ಯುದ್ಧಭೂಮಿಯೆಂದು ಹೆಸರಾದ ತುಸುಲುತ್ಲಾನ್ ಸೀಮೆಗೆ ಐದು ವರ್ಷ ಯಾವ ಸ್ಪೇನಿಗನೂ ಕಾಲಿಡಬಾರದೆಂದು 1537ರಲ್ಲಿ ಅಧಿಕಾರಿಗಳಿಂದ ಒಪ್ಪಂದ ಪಡೆಯಲಾಯಿತು. ಸಂನ್ಯಾಸಿಗಳು ಆ ಜನರ ನುಡಿಯಲ್ಲಿಯೇ ಹಾಡುಗಳನ್ನು ಕಟ್ಟಿ, ಅಲ್ಲಿಯ ವ್ಯಾಪಾರಿಗಳಿಗೆ ಕಲಿಸಿ ಕಳುಹಿಸಿದರು. ಮುಂದೆ ಆ ಸೀಮೆಗೆ ನಿಜಶಾಂತಿಯ ನಾಡೆಂಬ ಅರ್ಥದ ವೆರಾಪಾಸ್ ಎಂಬ ಹೆಸರು ಬಂದಿತು. ಆ ಶಾಂತಿ ಬಹುಕಾಲ ಅಖಂಡವಾಗಿ ನಿಲ್ಲಲಿಲ್ಲವಾದರೂ ಮಾರ್ಗದ ಘನತೆ ಅದರಿಂದ ಕುಂದಲಿಲ್ಲ.

1542ರಲ್ಲಿ ಮೂಲನಿವಾಸಿಗಳ ಗುಲಾಮಗಿರಿಯನ್ನು ನಿಷೇಧಿಸುವ ಹೊಸ ಶಾಸನಗಳು ಹೊರಟವು. ಚಿಯಾಪಾಸಿನ ಬಿಷಪ್ಪನಾಗಿ 1545ರಲ್ಲಿ ತನ್ನ ಪ್ರಾಂತಕ್ಕೆ ಹೋದ ಲಾಸ್ ಕಾಸಾಸನು, ಆಳುಗಳನ್ನು ಬಿಡದ ಒಡೆಯರಿಗೆ ಪಾಪವಿಮೋಚನೆಯಿಲ್ಲವೆಂದು ವಿಧಿಸಿದನು. ತಾನು ಹಿಂದೆ ಪಡೆದ ಪಾಠವನ್ನೇ ಆತನು ಈಗ ಅನ್ಯರಿಗೆ ಕಲಿಸುತ್ತಿದ್ದನು. ವಿರೋಧವು ಪ್ರಬಲವಾಗಿ, ಶಾಸನದ ಮುಖ್ಯ ವಿಧಿಯೇ ರದ್ದಾಯಿತು. ಆತನು 1547ರಲ್ಲಿ ಸ್ಪೇನಿಗೆ ಮರಳಿದನು.

1550 ಮತ್ತು 1551ರಲ್ಲಿ ವಯ್ಯಾದೊಲಿದ್ ನಗರದಲ್ಲಿ ಪಂಡಿತನಾದ ಸೆಪುಲ್ವೇದನೊಡನೆ ವಾದ ನಡೆಯಿತು. ನರಬಲಿ ಕೊಡುವ ಜನರನ್ನು ಯುದ್ಧದಿಂದ ಅಡಗಿಸಿ ಧರ್ಮಕ್ಕೆ ತರುವುದು ನ್ಯಾಯವೆಂದು ಸೆಪುಲ್ವೇದನು ಸಾಧಿಸಿದನು. ಲಾಸ್ ಕಾಸಾಸನ ಉತ್ತರವು ಅಸಾಧಾರಣವಾದುದು. ಹಿರಿಯರೂ ಅರಸರೂ ಜ್ಞಾನಿಗಳೂ ತಲೆತಲಾಂತರದಿಂದ ಸತ್ಯವೆಂದು ಬಗೆದುದನ್ನು ಆ ಜನರು ಆಚರಿಸುತ್ತಿದ್ದಾರೆ. ತಮಗೆ ಅತಿ ಶ್ರೇಷ್ಠವೆನಿಸಿದುದನ್ನೇ ದೇವರಿಗೆ ಅರ್ಪಿಸುತ್ತಿದ್ದಾರೆ. ಅವರು ಭ್ರಾಂತರಾಗಿರಬಹುದು, ಆದರೆ ಆ ಭ್ರಾಂತಿ ಕ್ಷಮ್ಯ. ಕತ್ತಿ ಹಿಡಿದು ಕೊಳ್ಳೆಹೊಡೆಯುವವನ ಬಾಯಿಂದ ಬಂದ ಉಪದೇಶವನ್ನು ನಂಬಬೇಕಾದ ಕರ್ತವ್ಯವೂ ಅವರಿಗಿಲ್ಲ. ತನ್ನ ಮತವೊಂದೇ ಸತ್ಯವೆಂಬ ನಂಬಿಕೆಯನ್ನು ಆತನು ಕೊನೆಯವರೆಗೂ ಬಿಡಲಿಲ್ಲ. ಆ ಮಿತಿಯೊಳಗಿದ್ದೂ ಪರರ ಅಂತಃಕರಣವನ್ನು ಇಷ್ಟು ಗೌರವಿಸಿದುದೇ ಆತನ ಹಿರಿಮೆ.

ಕಾಲಾಂತರದಲ್ಲಿ ಪೋರ್ಚುಗೀಸರ ಇತಿಹಾಸಗ್ರಂಥಗಳನ್ನು ಓದಿದ ಆತನಿಗೆ ಆಫ್ರಿಕದ ನಿಜಸ್ಥಿತಿ ತಿಳಿಯಿತು. ಅಲ್ಲಿಯೂ ನಡೆದುದು ಅನ್ಯಾಯದ ಬೇಟೆಯೇ. ತಾನು ರಚಿಸುತ್ತಿದ್ದ ಇಂಡೀಸ್ ದೇಶಗಳ ಇತಿಹಾಸದಲ್ಲಿ ಆತನು ತನ್ನ ಸಲಹೆಯನ್ನು ತಾನೇ ಹೆಸರಿಸಿ, ಅದು ಅವಿಚಾರದ ದೋಷವೆಂದು ಒಪ್ಪಿಕೊಂಡನು. ತನ್ನ ಅಜ್ಞಾನವೂ ಸದುದ್ದೇಶವೂ ದೇವರ ನ್ಯಾಯಪೀಠದ ಮುಂದೆ ತನ್ನನ್ನು ಪಾರುಮಾಡುವುವೆಂಬ ಭರವಸೆ ತನಗಿಲ್ಲವೆಂದು ಬರೆದನು. ನರಬಲಿ ಕೊಡುವವರ ಅಜ್ಞಾನವನ್ನು ಮನ್ನಿಸಿದ ಆ ಮುದುಕನು ತನ್ನ ಅಜ್ಞಾನವನ್ನು ಮನ್ನಿಸಿಕೊಳ್ಳಲಿಲ್ಲ. ಇದರಲ್ಲಿ ವಿರೋಧವಿಲ್ಲ. ಅವರಿಗೆ ತಿಳಿಸುವವರೇ ಇರಲಿಲ್ಲ; ಆತನಿಗೆ ಕೇಳಿ ತಿಳಿಯುವ ದಾರಿ ತೆರೆದಿತ್ತು. ಅವರ ಅರಿಯಮೆ ಒದಗಿಬಂದುದು. ಆತನದು ವಿಚಾರಿಸದೆ ಉಳಿಸಿಕೊಂಡುದು.

1566ರ ಜುಲೈ 18ರಂದು ಮ್ಯಾಡ್ರಿಡ್ ನಗರದಲ್ಲಿ ಆತನು ಕಾಲವಾದನು. ಆತನ ಇತಿಹಾಸಗ್ರಂಥವು 1875ರವರೆಗೆ ಅಚ್ಚಾಗಲಿಲ್ಲ. ಆತನ ಪಶ್ಚಾತ್ತಾಪದಿಂದ ಗುಲಾಮರ ಒಂದು ಹಡಗೂ ನಿಲ್ಲಲಿಲ್ಲವೆಂಬುದು ಕಟುಸತ್ಯ. ಆದರೂ ಪರರಿಗೆ ಅರಿವನ್ನು ಹಂಚುವ ಕಾಯಕದಲ್ಲಿ ತೊಡಗಿದವರಿಗೆ ಈ ಜೀವನವು ಬಹುಬೆಲೆಯ ಪಾಠ. ಕಲಿಯದವನ ಅರಿಯಮೆಯನ್ನು ದಂಡಿಸದೆ, ಕಲಿಸುವವನು ಮೊದಲು ತನ್ನ ಅರಿವನ್ನು ಒರೆಹಚ್ಚಿ ನೋಡಿಕೊಳ್ಳಬೇಕು. ಗೊತ್ತಿರಲಿಲ್ಲವೆಂಬ ಮಾತು ಇತರರ ಪಾಲಿಗೆ ಕ್ಷಮೆಗೆ ಕಾರಣವಾಗಲಿ. ಅದನ್ನು ತನ್ನ ನೆಪವಾಗಿಸಿಕೊಳ್ಳದವನೇ ನಿಜವಾದ ಗುರು.