‘ಡೌನ್’ ಎಂದರೆ ಒಬ್ಬ ಡಾಕ್ಟರ ಹೆಸರು

ಡೌನ್ ಸಿಂಡ್ರೋಮ್ ಎಂದಾಗ ನನ್ನ ಗೆಳೆಯರಲ್ಲಿ ಹಲವರು ‘ಡೌನ್’ ಎಂದರೆ ಕೆಳಗೆ, ಕಡಿಮೆ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ಅದು ಒಬ್ಬ ವೈದ್ಯರ ಹೆಸರು. ಜಾನ್ ಲ್ಯಾಂಗ್‌ಡನ್ ಡೌನ್!

1828ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಹುಟ್ಟಿದ ಅವರು ಚಿಕ್ಕ ವಯಸ್ಸಿನಲ್ಲೇ ಶಾಲೆ ಬಿಟ್ಟು ಅಪ್ಪನ ಅಂಗಡಿಯಲ್ಲಿ ದುಡಿದರು. ಮುಂದೆ ಲಂಡನ್‌ನಲ್ಲಿ ವೈದ್ಯಕೀಯ ಓದಿ ಪದಕಗಳನ್ನು ಗೆದ್ದರು. ಇಂಥ ಜಾಣನಿಗೆ ದೊಡ್ಡ ಆಸ್ಪತ್ರೆಯೇ ಕಾದಿದೆ ಎಂದು ಜನ ಅಂದುಕೊಂಡಿದ್ದರೆ, 1858ರಲ್ಲಿ ಅವರು ಹೋಗಿ ಸೇರಿದ್ದು ಅರ್ಲ್ಸ್‌ವುಡ್ ಎಂಬ ಆಶ್ರಯಧಾಮಕ್ಕೆ. ಬುದ್ಧಿ ಬೆಳವಣಿಗೆ ಕುಂಠಿತವಾದ ನೂರಾರು ಜನ ಅಲ್ಲಿದ್ದರು. ಸುತ್ತ ಕೊಳಕು, ಮಾತೆತ್ತಿದರೆ ಏಟು.

ಡೌನ್ ಮೊದಲು ಹೊಡೆಯುವುದನ್ನು ನಿಲ್ಲಿಸಿದರು. ಸಿಬ್ಬಂದಿಗೆ ತರಬೇತಿ ಕೊಟ್ಟರು. ನಿವಾಸಿಗಳಿಗೆ ಸ್ನಾನ ಮಾಡುವುದು, ಬಟ್ಟೆ ತೊಡುವುದು, ಮೇಜಿನ ಮುಂದೆ ಕೂತು ತಾವೇ ಊಟ ಮಾಡುವುದನ್ನು ಕಲಿಸಿದರು. ಕೈಲಾದವರಿಗೆ ಬಡಗಿ ಕೆಲಸ, ತೋಟದ ಕೆಲಸ.

1866ರಲ್ಲಿ ಅವರು ಈ ಸ್ಥಿತಿಯ ಲಕ್ಷಣಗಳನ್ನು ವಿವರಿಸಿ ಬರೆದರು. ಆದರೆ ಮುಖದ ಹೋಲಿಕೆ ನೋಡಿ ಅದಕ್ಕೆ ಮಂಗೋಲ್ ಜನಾಂಗದ ಹೆಸರು ಅಂಟಿಸಿಬಿಟ್ಟರು. ಅದು ತಪ್ಪು. 21ನೇ ಕ್ರೋಮೋಸೋಮ್ ಒಂದು ಹೆಚ್ಚಿರುವುದೇ ಕಾರಣ ಎಂದು ಗೊತ್ತಾಗಿದ್ದು 1959ರಲ್ಲಿ. ಮಂಗೋಲಿಯಾದ ಆಕ್ಷೇಪದ ನಂತರ, 1965ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪದವನ್ನು ಕೈಬಿಟ್ಟಿತು.

ಹೆಸರಿಡುವುದರಲ್ಲಿ ಎಡವಿದ ಈ ಮನುಷ್ಯ ದಿನನಿತ್ಯದ ಆರೈಕೆಯಲ್ಲಿ ಮಾತ್ರ ತನ್ನ ಕಾಲಕ್ಕಿಂತ ಮುಂದಿದ್ದರು. 1868ರಲ್ಲಿ ಪತ್ನಿ ಮೇರಿ ಜೊತೆ ಲಂಡನ್ ಸಮೀಪ ನಾರ್ಮನ್ಸ್‌ಫೀಲ್ಡ್ ಎಂಬ ಮನೆ ತೆರೆದರು. 1879ರಲ್ಲಿ ಅಲ್ಲೊಂದು ರಂಗಮಂದಿರವೂ ಎದ್ದಿತು. ಆಟ, ಹಾಡು, ನಾಟಕವೂ ಈ ಮಕ್ಕಳ ಹಕ್ಕು ಎಂದು ನಂಬಿದ್ದ ದಂಪತಿ ಅವರು. 1896ರಲ್ಲಿ ಡೌನ್ ತೀರಿಕೊಂಡ ಮೇಲೆ ಮಕ್ಕಳು ಆ ಮನೆ ನಡೆಸಿದರು. 1905ರಲ್ಲಿ ಹುಟ್ಟಿದ ಅವರ ಮೊಮ್ಮಗನಿಗೇ ಡೌನ್ ಸಿಂಡ್ರೋಮ್ ಇತ್ತು.

ಇದನ್ನೆಲ್ಲ ನಾನು ಹುಡುಕಿ ಓದಿದ್ದು ನನ್ನ ತಮ್ಮನಿಗಾಗಿ. ಅವನಿಗೀಗ ಹದಿನೇಳು. ಶರ್ಟಿನ ಗುಂಡಿ ಹಾಕಿಕೊಳ್ಳಲು ಕಲಿಯೋಕೆ ಎರಡು ವರ್ಷ ಹಿಡಿಯಿತು. ಈಗ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ! ಮುಂದಿನ ವರ್ಷ ಅವನ ವಿಶೇಷ ಶಾಲೆ ಮುಗಿಯುತ್ತದೆ. ಆಮೇಲೆ ಹಗಲೆಲ್ಲ ಎಲ್ಲಿ, ಯಾರ ಜೊತೆ, ಏನು ಮಾಡುತ್ತಾ ಕಳೆಯಬೇಕು? ನಮ್ಮೂರಲ್ಲಿ ದೊಡ್ಡವರಾದ ಇಂಥ ಮಕ್ಕಳಿಗೆ ಒಂದು ಹಗಲು ಕೇಂದ್ರವೂ ಇಲ್ಲ. ಅಪ್ಪ ಅಮ್ಮನ ವಯಸ್ಸು ಹಿಂದಕ್ಕೆ ಓಡುವುದಿಲ್ಲ.

ನೂರೈವತ್ತು ವರ್ಷಗಳ ಹಿಂದೆ ಒಬ್ಬ ಡಾಕ್ಟರು, ಅವರ ಹೆಂಡತಿ ಸೇರಿ ಒಂದು ಮನೆ ಕಟ್ಟಿದರು. ತಾಲ್ಲೂಕಿಗೊಂದು ಕೇಂದ್ರ ನಮ್ಮಿಂದ ಆಗದೇ?