ಯಾಗಿ ಜೊತೆಗಿದ್ದ ಉದಾ

ಬಾಬಾಬುಡನ್‌ಗಿರಿಗೆ ಹೊರಟಿದ್ದ ನಾವು ಅತ್ತಿಗುಂಡಿಯಲ್ಲಿ ಕಾಫಿಗೆ ನಿಂತಿದ್ವಿ. ಎದುರುಮನೆಯ ಹೆಂಚಿನ ಮೇಲೆ ಮೀನಿನ ಮುಳ್ಳಿನಂಥ ಹಳೇ ಟಿವಿ ಆಂಟೆನಾ. ಯಾಗಿ ಅಂತ ಎಲ್ಲರೂ ಒಟ್ಟಿಗೇ ಹೇಳಿದ್ವಿ. ಸಿಲಬಸ್‌ನಲ್ಲಿ ಪೂರ್ತಿ ಹೆಸರಿದ್ದರೂ ನಮ್ಮ ಬಾಯಲ್ಲಿ ಬರೋದು ಅರ್ಧವೇ.

ಉಳಿದರ್ಧ ಶಿಂತಾರೊ ಉದಾ. 1896ರಲ್ಲಿ ಜಪಾನಿನ ತೊಯಾಮಾದಲ್ಲಿ ಹುಟ್ಟಿದವರು. ಸೆಂಡಾಯ್ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲೇ ಪ್ರೊಫೆಸರ್ ಹಿಡೆತ್ಸುಗು ಯಾಗಿಯವರ ಜೊತೆ ಸಂಶೋಧನೆಗೆ ನಿಂತರು. ಕಡ್ಡಿಗಳ ಉದ್ದ, ಅಂತರ ಬದಲಿಸುತ್ತಾ ಅಳೆದರು. ವೈರ್ ಜೋಡಿಸಿದ ಕಡ್ಡಿ ಹೆಚ್ಚುಕಮ್ಮಿ ಅರ್ಧ ತರಂಗದುದ್ದ. ಹಿಂದಿನದು ಸ್ವಲ್ಪ ಉದ್ದ, ಮುಂದಿನವು ಸ್ವಲ್ಪ ಗಿಡ್ಡ. ಇಷ್ಟಾದರೆ ಕರೆಂಟಿಲ್ಲದೆಯೇ ಒಂದು ದಿಕ್ಕಿನ ಸಿಗ್ನಲ್ ಬಲವಾಗಿ ಸಿಗುತ್ತೆ.

1926ರಿಂದ ಉದಾ ಇದನ್ನು ಜಪಾನಿ ಭಾಷೆಯಲ್ಲಿ ಪ್ರಕಟಿಸಿದರು. ಪೇಟೆಂಟ್ ಆದದ್ದು ಯಾಗಿಯವರ ಹೆಸರಲ್ಲಿ. 1928ರಲ್ಲಿ ಯಾಗಿ ಇಂಗ್ಲಿಷಿನಲ್ಲಿ ಲೇಖನ ಬರೆದರು. ಅದರಲ್ಲಿ ಉದಾ ಅವರ ಕೆಲಸವನ್ನು ನೆನೆದಿದ್ದರೂ ಜಗತ್ತಿನ ನೆನಪಲ್ಲಿ ಉಳಿದದ್ದು ಬರೆದವರ ಹೆಸರು.

1955ರಿಂದ 58ರವರೆಗೆ ಉದಾ ನಮ್ಮ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲೂ ಇದ್ದರು. ಗುರುಶಿಷ್ಯರಿಬ್ಬರೂ ತೀರಿಕೊಂಡದ್ದು 1976ರಲ್ಲಿ.

ಡಿಜಿಟಲ್ ಟಿವಿ ಬಂದರೂ ಕಡ್ಡಿಯ ಲೆಕ್ಕ ಬದಲಾಗಿಲ್ಲ. ಹಿಂದೆ ಸಿಗ್ನಲ್ ಸೋತರೆ ಚುಕ್ಕಿಗಳ ನಡುವೆಯಾದರೂ ಚಿತ್ರ ಕಾಣ್ತಿತ್ತು. ಡಿಜಿಟಲ್‌ನಲ್ಲಿ ಒಂದು ಮಿತಿ ದಾಟಿದರೆ ಚಿತ್ರ ಒಡೆದು, ನಿಂತೇಹೋಗುತ್ತೆ. ಬೂಸ್ಟರ್ ಹಾಕಿದರೆ ಸಿಗ್ನಲ್ ಜೊತೆ ಗದ್ದಲವೂ ಹಿಗ್ಗುತ್ತೆ. ಮೊದಲು ಆಂಟೆನಾ ಎತ್ತರಿಸಿ, ಪ್ರಸಾರ ಗೋಪುರದ ಕಡೆ ತಿರುಗಿಸಬೇಕು. ಅಂದರೆ, ಉದಾ ಅಳೆದಿಟ್ಟದ್ದನ್ನು ಪೂರ್ತಿ ಬಳಸಿಕೊಳ್ಳಬೇಕು.

ಹೆಸರನ್ನೂ ಇನ್ನು ಪೂರ್ತಿಯಾಗೇ ಹೇಳೋಣ: ಯಾಗಿ-ಉದಾ.